ಹುಳಿ ದ್ರಾಕ್ಷಿ ತಿಂದವರು ಯಾರು?

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಮಾತು ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತದೆ. ಕುಡಿದು ಆರೋಗ್ಯ ಕೆಡಿಸಿಕೊಂಡವನನ್ನು ಕಂಡಾಗ, ಆಡಂಬರಕ್ಕೆ ಸಾಲ ಮಾಡಿ ತೋಟ ಮಾರಿದವನನ್ನು ಕಂಡಾಗ ಹೇಳುತ್ತೇವೆ. ಅಲ್ಲಿ ಅದು ಒಪ್ಪುತ್ತದೆ ಕೂಡ. ಮನುಷ್ಯ ಬಿತ್ತಿದ್ದನ್ನೇ ಕೊಯ್ಯುತ್ತಾನೆಂದು ಸಂತ ಪೌಲರು ಗಲಾತ್ಯದವರಿಗೆ ಬರೆದಿದ್ದಾರೆ. ರೈತರಾದ ನಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಹುಟ್ಟಿನಿಂದಲೇ ಕೈಕಾಲು ಸೊಟ್ಟಗಾದ, ಮಾತು ಬಾರದ ಮಗುವಿರುವ ಮನೆಯಿಂದ ಅಂಗಳಕ್ಕಿಳಿಯುವಾಗಲೂ ಅದೇ ಮಾತನ್ನು ಸ್ವರ ತಗ್ಗಿಸಿ ಹೇಳುವವರಿದ್ದಾರೆ. ಮಗು ಏನು ಮಾಡಿತು ಎಂದು ಕೇಳಿದರೆ, ‘ಅಪ್ಪ ಮಾಡಿರಬಹುದು, ಇಲ್ಲವೇ ಅಜ್ಜ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಎರಡನೆಯ ಬಳಕೆ ಕ್ರೈಸ್ತರ ಬಾಯಲ್ಲಿ ಬರಕೂಡದು ಎಂಬುದು ನನ್ನ ಅಭಿಪ್ರಾಯ. ಕಾಸರಗೋಡು ಸೀಮೆಯಲ್ಲಂತೂ ಬರಲೇಕೂಡದು.

ಇಸ್ರಯೇಲರಲ್ಲೂ ಇಂಥದೇ ಒಂದು ಗಾದೆಯಿತ್ತು. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಹಲ್ಲು ಜುಮ್ಮೆಂದದ್ದು ಮಕ್ಕಳದ್ದು ಎಂಬರ್ಥದ ಗಾದೆ. ಎಳೆ ಬಿಂಬುಳಿ ಕಚ್ಚಿದವರಿಗೆ ಹಲ್ಲು ಜುಮ್ಮೆನ್ನುವುದೆಂದರೇನೆಂದು ಗೊತ್ತು. ಬಾಬಿಲೋನಿಗೆ ಸೆರೆಯಾಗಿ ಹೋದ ಜನ, ಊರು ಮನೆ ಕಳೆದುಕೊಂಡ ದುಃಖದಲ್ಲಿ ಇದನ್ನು ಆಡಿಕೊಳ್ಳುತ್ತಿದ್ದರು. ಹಿರಿಯರ ತಪ್ಪಿಗೆ ನಾವು ಅನುಭವಿಸುತ್ತಿದ್ದೇವೆ, ಇನ್ನು ಮಾಡುವುದೇನೂ ಇಲ್ಲ ಎಂಬ ನಿರಾಶೆ ಅದರಲ್ಲಿತ್ತು. ದೇವರು ಪ್ರವಾದಿ ಯೆಜೆಕಿಯೇಲನ ಮೂಲಕ (ಅಧ್ಯಾಯ 18) ಈ ಗಾದೆಯನ್ನೇ ನಿಲ್ಲಿಸಿಬಿಟ್ಟರು. ಮಗನ ಪಾಪಕ್ಕೆ ತಂದೆ ಹೊಣೆಯಲ್ಲ, ತಂದೆಯ ಪಾಪಕ್ಕೆ ಮಗ ಹೊಣೆಯಲ್ಲ ಎಂದು ಹೇಳಿಸಿದರು. ಒಂದು ಗಾದೆಯನ್ನು ಇನ್ನು ಮುಂದೆ ಆಡಬೇಡಿರೆಂದು ದೇವರು ಆಣೆಯಿಟ್ಟು ಹೇಳಿದ್ದು ಸಣ್ಣ ಸಂಗತಿಯಲ್ಲ.

ಆದರೂ ಆ ಯೋಚನೆ ಸಾಯಲಿಲ್ಲ. ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಮೂರು ವರ್ಷಕ್ಕೊಮ್ಮೆ ತಪಸ್ಸುಕಾಲದ ನಾಲ್ಕನೆಯ ಭಾನುವಾರ ಪೂಜೆಯಲ್ಲಿ ಕೇಳುತ್ತೇವೆ. ದಾರಿಯಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಕೇಳಿದರು. ಅವನಿಗೆ ಏನು ಬೇಕೆಂದು ಒಬ್ಬ ಶಿಷ್ಯನೂ ಕೇಳಲಿಲ್ಲ, ಗಮನಿಸಿರಿ. ಇವನೂ ಅಲ್ಲ, ಹೆತ್ತವರೂ ಅಲ್ಲ ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿ, ನೆಲದ ಮಣ್ಣನ್ನೇ ಕಲಸಿ ಅವನ ಕಣ್ಣಿಗೆ ಹಚ್ಚಿ ಸಿಲೋವಾಂ ಕೊಳಕ್ಕೆ ಕಳುಹಿಸಿದರು.

ನನ್ನ ಮನಸ್ಸನ್ನು ಹೆಚ್ಚು ಕಲಕುವವರು ಅವನ ತಂದೆತಾಯಿ. ಮಗನಿಗೆ ಕಣ್ಣು ಬಂದ ದಿನ ಅವರು ಕುಣಿದಾಡಬೇಕಿತ್ತು. ಆದರೆ ಪ್ರಾರ್ಥನಾಮಂದಿರದಿಂದ ಬಹಿಷ್ಕಾರ ಹಾಕಿಯಾರೆಂಬ ಹೆದರಿಕೆಯಿಂದ, ಅವನಿಗೆ ಪ್ರಾಯವಾಗಿದೆ, ಅವನನ್ನೇ ಕೇಳಿ ಎಂದು ಜಾರಿಕೊಂಡರು. ಅಷ್ಟು ವರ್ಷ ಊರವರ ಕಣ್ಣಲ್ಲಿ ಪಾಪಿಗಳಾಗಿ ಬದುಕಿದವರು ಹೆದರದೆ ಏನು ಮಾಡಿಯಾರು? ಕೊನೆಗೆ ಫರಿಸಾಯರೂ, ನೀನು ಪಾಪದಲ್ಲೇ ಹುಟ್ಟಿದವನೆಂದು ಬೈದು ಮಗನನ್ನು ಹೊರಗಟ್ಟಿದರು. ಅವನನ್ನು ಹುಡುಕಿಕೊಂಡು ಹೋದವರು ಯೇಸು ಒಬ್ಬರೇ.

ಇನ್ನು ನಮ್ಮ ಊರಿಗೆ ಬರೋಣ. ಎಣ್ಮಕಜೆ, ಬೆಳ್ಳೂರು, ಮುಳಿಯಾರಿನಂಥ ಪಂಚಾಯತುಗಳ ಗುಡ್ಡಗಳ ಮೇಲೆ ಸರ್ಕಾರದ ಒಡೆತನದ ಗೇರು ತೋಟಗಳಿವೆ. ಗೇರು ಚಿಗುರನ್ನು ಹಾಳುಮಾಡುವ ಚಹಾ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ಕೆಳಗಿನ ಕಣಿವೆಯಲ್ಲಿ ಮನೆ, ಬಾವಿ, ಸುರಂಗ, ತೋಡು. ಮೇಲೆ ಬಿದ್ದದ್ದು ಕೆಳಗೆ ಬರದೆ ಇದ್ದೀತೇ? ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದಿದ್ದರು. ಕರುವಿನ ಅಜ್ಜ ಏನು ಪಾಪ ಮಾಡಿದ್ದನೆಂದು ಯಾರೂ ಕೇಳಿದಂತಿಲ್ಲ! ಮಕ್ಕಳ ವಿಷಯ ಬಂದಾಗ ಮಾತ್ರ ಶಾಪ, ದೋಷ, ಕರ್ಮ ಎಲ್ಲವೂ ನೆನಪಾದವು. ಆ ಮನೆಯ ಉಳಿದ ಹೆಣ್ಣುಮಕ್ಕಳಿಗೆ ಗಂಡು ಸಿಗುವುದೂ ಕಷ್ಟವಾಯಿತು.

ಸ್ವರ್ಗ ಎಂಬ ಹೆಸರಿನ ಊರಿನ ಪಕ್ಕದಲ್ಲೇ ಇದೆಲ್ಲ ನಡೆಯಿತು. ಶಾಪದ ಮಾತನ್ನು ಬದಿಗಿಟ್ಟು ಕಾರಣ ಹುಡುಕಿದವರಲ್ಲಿ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಒಬ್ಬರು. ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾಮಕ್ಕಳನ್ನು ಬೇರೆ ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಇಲ್ಲಿನ ಹುಡುಗರ ರಕ್ತದಲ್ಲಿ ಈ ವಿಷದ ಅಂಶ ಹೆಚ್ಚಿದ್ದದ್ದು, ಅವರು ಪ್ರಾಯಕ್ಕೆ ಬರುವುದು ತಡವಾದದ್ದು 2003ರಲ್ಲಿ ಪ್ರಕಟವಾಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿ, ಸರ್ಕಾರ ಕೊಡದೆ ಎಳೆದಾಡಿದ್ದಕ್ಕೆ 2022ರಲ್ಲಿ ಮತ್ತೆ ಛೀಮಾರಿ ಹಾಕಬೇಕಾಯಿತು. ಪ್ರತಿಯೊಂದು ಕಾಯಿಲೆಗೂ ಇದೇ ಕಾರಣವೇ ಎಂದು ತಜ್ಞರು ಇಂದಿಗೂ ವಾದಿಸುತ್ತಾರೆ. ವಾದಿಸಲಿ. ಹುಟ್ಟಿನ ಊನಕ್ಕೆ ಹತ್ತಾರು ಕಾರಣಗಳಿರುತ್ತವೆ. ಅಜ್ಜನ ಪಾಪ ಅವುಗಳಲ್ಲಿ ಒಂದಲ್ಲ.

ಯೆಜೆಕಿಯೇಲ ಅಲ್ಲಗಳೆದದ್ದು ಪಾಪದ ಲೆಕ್ಕವನ್ನು. ವಿಷದ ಲೆಕ್ಕ ಬೇರೆ. ಒಬ್ಬರು ಎರಚಿದ್ದು ಮತ್ತೊಬ್ಬರ ಬಸುರಿನ ತನಕ ಹೋಗಬಲ್ಲದು. ಇಲ್ಲಿ ಹೆತ್ತವರು ದ್ರಾಕ್ಷಿ ತಿಂದೇ ಇರಲಿಲ್ಲ. ತಿಂದವರು ಬೇರೆ, ಹಲ್ಲು ಜುಮ್ಮೆಂದವರು ಬೇರೆ. ‘ಯಾರ ಪಾಪ?’ ಎಂದು ಮನೆಯೊಳಗೆ ಹುಡುಕುವ ಜನ ‘ಯಾರ ಕೆಲಸ?’ ಎಂದು ಮನೆಯ ಹೊರಗೆ ಕೇಳುವುದಿಲ್ಲ. ತಪ್ಪಿತಸ್ಥರಿಗೆ ಇದರಷ್ಟು ಅನುಕೂಲ ಬೇರೇನಿದೆ?

ಈಚೆಗೆ ಪೂರ್ವಜರ ಶಾಪ ಬಿಡಿಸುವ ಪ್ರಾರ್ಥನೆಗೆಂದು ದೂರದ ಧ್ಯಾನಕೂಟಗಳಿಗೆ ಹೋಗುವುದು ನಮ್ಮಲ್ಲೂ ಉಂಟು. ಅಜ್ಜ ಅಜ್ಜಿಯರ ಹೆಸರು ಬರೆದು, ಯಾರು ಏನು ಮಾಡಿದ್ದರೆಂದು ಕೆದಕುವುದು. ರೋಗಿಗಳಿಗಾಗಿ ಪ್ರಾರ್ಥಿಸಬೇಕು, ಸತ್ತವರಿಗಾಗಿ ಪೂಜೆ ಅರ್ಪಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗುವಿನ ರೋಗ ಅಜ್ಜನ ಪಾಪದಿಂದ ಬಂತೆಂದು ತಾಯಿಗೆ ಹೇಳುವುದು ಧರ್ಮಸಭೆಯ ಬೋಧನೆಯಲ್ಲ. 2024ರಲ್ಲಿ ಸ್ಪೇನಿನ ಬಿಷಪರು ಇಂಥ ಪದ್ಧತಿ ಬೇಡವೆಂದು ಲಿಖಿತವಾಗಿ ತಿಳಿಸಿದರು. ಜನ್ಮಪಾಪ ಇಲ್ಲವೇ ಎಂದು ಕೆಲವರು ಕೇಳಿಯಾರು. ಅದು ಎಲ್ಲ ಮನುಷ್ಯರಿಗೂ ಸಮಾನ, ಅದಕ್ಕೆ ಜ್ಞಾನಸ್ನಾನವಿದೆ; ಒಂದು ಮನೆಯನ್ನು ಮಾತ್ರ ಹಿಡಿದು ಪೀಡಿಸುವ ಶಾಪವಲ್ಲ.

ಹೆಲಿಕಾಪ್ಟರು ಹೋಯಿತು, ಆದರೆ ಪಂಪು ಈಗ ನಮ್ಮದೇ ಬೆನ್ನ ಮೇಲಿದೆ. ಆಳು ಸಿಗುವುದಿಲ್ಲ, ಸಂಬಳ ಕೊಟ್ಟು ಪೂರೈಸುವುದಿಲ್ಲ ಎಂಬ ಕಷ್ಟ ಸುಳ್ಳಲ್ಲ. ಹಾಗೆಂದು ಅಡಿಕೆ ತೋಟದ ಹುಲ್ಲಿಗೆಲ್ಲ ಕಳೆನಾಶಕ ಹೊಡೆಯುವುದು, ಅದೂ ಬಾವಿಯ ಪಕ್ಕದಲ್ಲಿ, ನನಗೆ ಒಪ್ಪಿಗೆಯಿಲ್ಲ. ಹುಲ್ಲು ಕತ್ತರಿಸುವ ಯಂತ್ರವನ್ನು ನಾಲ್ಕು ಮನೆಯವರು ಸೇರಿ ಕೊಳ್ಳಬಹುದು; ಕತ್ತರಿಸಿದ ಹುಲ್ಲು ಬುಡಕ್ಕೆ ಗೊಬ್ಬರವಾಗುತ್ತದೆ. (ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮಾತು ಇದಲ್ಲ.) ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಕೇರಳ 2011ರಲ್ಲಿ ನಿಷೇಧಿಸಿದವುಗಳಲ್ಲಿ ಅದೂ ಒಂದು. ಹಳೆಯ ಬಾಟಲಿ ಅಟ್ಟದಲ್ಲಿದ್ದರೆ ಕೃಷಿಭವನದಲ್ಲಿ ವಿಚಾರಿಸಿರಿ, ತೋಡಿಗೆ ಸುರಿಯಬೇಡಿರಿ. ಸಿಂಪಡಿಸಲೇಬೇಕಾದಾಗ ಬಸುರಿಯರೂ ಮಕ್ಕಳೂ ತೋಟದಲ್ಲಿರಕೂಡದು, ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಸಿಂಪಡಿಸಿದವರಿಗೆ ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಔಷಧದ ಬಾಟಲಿಯ ಚೀಟಿಯನ್ನೂ ಒಯ್ಯಿರಿ. ಸಂಬಳಕ್ಕೆ ಹೊಡೆಯಲು ಬರುವವನೂ ಒಬ್ಬ ತಾಯಿಯ ಮಗನೇ. ಅವನಿಗೆ ಕೈಚೀಲ, ಮುಖವಾಡ ಕೊಡುವುದು ತೋಟದ ಯಜಮಾನನ ಕರ್ತವ್ಯ.

ಕಡೆಯದಾಗಿ ಧರ್ಮಕೇಂದ್ರದ ವಿಷಯ. ಇಂಥ ಮಕ್ಕಳಿರುವ ಮನೆಗಳಲ್ಲಿ ತಾಯಂದಿರು ಭಾನುವಾರದ ಪೂಜೆಗೆ ಬರುವುದು ಕಡಿಮೆ. ಭಕ್ತಿ ಕಡಿಮೆಯಾಗಿ ಅಲ್ಲ, ಮಗುವಿನ ಬಳಿ ಕೂರಲು ಜನವಿಲ್ಲದೆ. ವಾರ್ಡಿನ ಇಬ್ಬರು ಒಂದೂವರೆ ತಾಸು ಆ ಮನೆಯಲ್ಲಿ ಕುಳಿತರೆ ತಾಯಿ ಇಗರ್ಜಿಗೆ ಬಂದು ಹೋಗಬಹುದು. ಕೂತವರು ಸಂಜೆಯ ಪೂಜೆಗೋ ಹಿಂದಿನ ದಿನದ ಪೂಜೆಗೋ ಹೋಗಬಹುದು. ಯಾವ ಮನೆಗೆ ಯಾವ ಭಾನುವಾರ ಯಾರು ಎಂದು ಗುರ್ಕಾರರು ಒಂದು ಪಟ್ಟಿ ಬರೆದು ಮುಂದಿನ ವಾರ್ಡು ಸಭೆಗೆ ತರಲಿ.