ಕೃಷ್ಣವಿವರವು ಬಕಾಸುರನಲ್ಲ

"ಕೃಷ್ಣವಿವರವು ತನ್ನ ಸುತ್ತಲಿನ ಸಕಲವನ್ನೂ ಸೆಳೆದು ನುಂಗಿಬಿಡುವುದು" ಎಂಬ ವಾಕ್ಯವನ್ನು ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಮೇಲಿಂದ ಮೇಲೆ ಓದುತ್ತೇನೆ. ತಪ್ಪು ಅವರದಲ್ಲ. ಅಧ್ಯಾಪಕರೂ ಲೇಖಕರೂ ಆದ ನಾವೇ ಈ ವಿಷಯವನ್ನು ಬಕಾಸುರನ ಕಥೆಯಂತೆ ಹೇಳುತ್ತ ಬಂದಿದ್ದೇವೆ. ಸೂರ್ಯನ ಸ್ಥಾನದಲ್ಲಿ ಅಷ್ಟೇ ದ್ರವ್ಯರಾಶಿಯ ಕೃಷ್ಣವಿವರವೊಂದನ್ನು ಇರಿಸಿದೆವೆಂದು ಭಾವಿಸೋಣ. ಭೂಮಿಯು ಈಗಿನ ಕಕ್ಷೆಯಲ್ಲಿಯೇ ಸುತ್ತುತ್ತಿರುವುದು. ಚಳಿಯಿಂದ ನಾವು ಸತ್ತೇವು, ಆ ಮಾತು ಬೇರೆ.

ವಾಸ್ತವವಾಗಿ ಕೃಷ್ಣವಿವರದೊಳಕ್ಕೆ ಬೀಳುವುದೇ ಬಹು ಪ್ರಯಾಸದ ಕೆಲಸ. ರಾಜಹಂಸ ನಕ್ಷತ್ರಪುಂಜದ ವಿ ೪೦೪ ಎಂಬುದನ್ನು ತೆಗೆದುಕೊಳ್ಳಿ. ಅಲ್ಲಿ ಸೂರ್ಯನ ಸುಮಾರು ಒಂಬತ್ತರಷ್ಟು ದ್ರವ್ಯರಾಶಿಯ ಕೃಷ್ಣವಿವರವೂ ಸೂರ್ಯನಿಗಿಂತ ಹಗುರವಾದ ನಕ್ಷತ್ರವೊಂದೂ ಆರೂವರೆ ದಿನಗಳಿಗೊಮ್ಮೆ ಪರಸ್ಪರ ಸುತ್ತುತ್ತಿವೆ. (ಇದೇ ಕುಟುಂಬಕ್ಕೆ ಸೇರಿದ ಮೂರನೆಯ ನಕ್ಷತ್ರವೊಂದು ಬಹು ದೂರದಲ್ಲಿ ನಿರುಪದ್ರವವಾಗಿ ಇರುವುದು ೨೦೨೪ರಲ್ಲಿ ತಿಳಿದುಬಂದಿತು.) ಸಮೀಪದ ನಕ್ಷತ್ರದ ಹೊರಪದರದ ಅನಿಲವು ಕೃಷ್ಣವಿವರದ ಕಡೆಗೆ ಹರಿಯುವುದೇನೋ ನಿಜ. ಆದರೆ ಕಕ್ಷೆಯ ಚಲನೆಯಿಂದ ಬಂದ ಕೋನೀಯ ಸಂವೇಗವು ಅದಕ್ಕಿದೆ. ಅದನ್ನು ಬೇರೆಡೆಗೆ ದಾಟಿಸದೆ ಅನಿಲವು ಒಳಕ್ಕೆ ಸರಿಯಲಾರದು. ಆದುದರಿಂದ ಅದು ಚಪ್ಪಟೆಯಾದ ಚಕ್ರದ ಆಕಾರವನ್ನು ತಾಳಿ ಸುತ್ತುತ್ತದೆ. ಇದಕ್ಕೆ ಸಂಚಯನ ಚಕ್ರವೆಂದು ಹೆಸರು.

ಚಕ್ರದ ಒಳವಲಯಗಳು ವೇಗವಾಗಿಯೂ ಹೊರವಲಯಗಳು ನಿಧಾನವಾಗಿಯೂ ಸುತ್ತುವುದರಿಂದ ಅವುಗಳ ನಡುವೆ ಘರ್ಷಣೆಯುಂಟಾಗಿ ಕೋನೀಯ ಸಂವೇಗವು ಹೊರಕ್ಕೆ ಸಾಗುತ್ತದೆ, ಅನಿಲವು ಒಳಕ್ಕೆ ಇಳಿಯುತ್ತದೆ. ಈ ಘರ್ಷಣೆ ಎಲ್ಲಿಂದ ಬಂದಿತು? ಅನಿಲದ ಸಹಜ ಸ್ನಿಗ್ಧತೆ ಇದಕ್ಕೆ ಏನೇನೂ ಸಾಲದು. ೧೯೭೩ರಲ್ಲಿ ಶಕೂರಾ ಮತ್ತು ಸ್ಯುನ್ಯಾಯೆವ್ ಎಂಬ ಸೋವಿಯತ್ ವಿಜ್ಞಾನಿಗಳು ಕಾರಣ ತಿಳಿಯದ ಆ ಘರ್ಷಣೆಗೆ ಆಲ್ಫಾ ಎಂಬ ಒಂದೇ ಸಂಖ್ಯೆಯನ್ನಿರಿಸಿ ಲೆಕ್ಕವನ್ನು ಮುಂದುವರಿಸಿದರು. ಅಜ್ಞಾನವನ್ನು ಇಷ್ಟು ಪ್ರಾಮಾಣಿಕವಾಗಿ ಗುರುತಿಸಿಟ್ಟ ಅಕ್ಷರ ಭೌತಶಾಸ್ತ್ರದಲ್ಲಿ ಅಪರೂಪವೆಂದು ನನ್ನ ಭಾವನೆ. ದುರ್ಬಲವಾದ ಕಾಂತಕ್ಷೇತ್ರವೂ ಇಂತಹ ಚಕ್ರವನ್ನು ಕದಡಿ ಪ್ರಕ್ಷುಬ್ಧಗೊಳಿಸಬಲ್ಲದೆಂದು ೧೯೯೧ರಲ್ಲಿ ಬಾಲ್ಬಸ್ ಮತ್ತು ಹಾಲಿ ತೋರಿಸಿದರು. ಘರ್ಷಣೆಯಿಂದಲೇ ಚಕ್ರದ ಒಳ ಅಂಚು ಲಕ್ಷೋಪಲಕ್ಷ ಡಿಗ್ರಿಗಳಿಗೆ ಕಾಯ್ದು ಕ್ಷ-ಕಿರಣಗಳನ್ನು ಸೂಸುತ್ತದೆ. ನಮಗೆ ಕಾಣುವುದು ವಿವರವಲ್ಲ, ಬೀಳಲು ಹೆಣಗುತ್ತಿರುವ ಅನಿಲ.

ಚಲನಶಾಸ್ತ್ರದ ಪಾಠದಲ್ಲಿ ಕೋನೀಯ ಸಂವೇಗದ ನಿತ್ಯತೆಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಕೃಷ್ಣವಿವರದ ಮಾತು ಬಂದೊಡನೆ ಅದನ್ನು ಮರೆತುಬಿಡುವುದು ನನಗೆ ಅತ್ಯಂತ ಖೇದವನ್ನುಂಟುಮಾಡುವ ಸಂಗತಿ. ರಾಕ್ಷಸನಿಲ್ಲದ ಪಾಠಕ್ಕೆ ಹುಡುಗರು ಕಿವಿಗೊಡುವುದಿಲ್ಲವೆಂದು ಕೆಲವರು ಆಕ್ಷೇಪಿಸುತ್ತಾರೆ. ಅಂಥವರು ವಿ ೪೦೪ರ ಚರಿತ್ರೆಯನ್ನೇ ತರಗತಿಯಲ್ಲಿ ಹೇಳಿ ನೋಡಲಿ.

೧೯೮೯ರ ಮೇ ತಿಂಗಳಲ್ಲಿ ಜಪಾನಿನ ಗಿಂಗಾ ಉಪಗ್ರಹವು ಅದರ ಕ್ಷ-ಕಿರಣಗಳ ಸ್ಫೋಟವನ್ನು ಕಂಡಿತು. ಅನಂತರ ಇಪ್ಪತ್ತಾರು ವರ್ಷ ಮೌನ. ತಣ್ಣಗಿರುವ ಚಕ್ರದಲ್ಲಿ ಘರ್ಷಣೆ ಕಡಿಮೆ; ಅನಿಲವು ಬೀಳದೆ ಶೇಖರವಾಗುತ್ತ ಹೋಗುತ್ತದೆ. ಎಲ್ಲಿಯೋ ಒಂದೆಡೆ ಉಷ್ಣತೆಯು ಕೆಲವು ಸಾವಿರ ಡಿಗ್ರಿಗಳನ್ನು ಮೀರಿದಾಗ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟು, ಚಕ್ರವು ಮತ್ತಷ್ಟು ಕಾಯ್ದು, ಘರ್ಷಣೆ ಬಲಿಯುತ್ತದೆ. ಕೂಡಿಟ್ಟ ಅನಿಲವೆಲ್ಲ ಒಮ್ಮೆಲೇ ಒಳಕ್ಕೆ ನುಗ್ಗತೊಡಗುತ್ತದೆ. ೨೦೧೫ರ ಜೂನ್ ತಿಂಗಳಲ್ಲಿ ಮರಳಿ ಹೀಗಾಯಿತು. ಆಗ ಅದರ ಬೆಳಕಿನ ಏರಿಳಿತಗಳು ಇಪ್ಪತ್ತು ಸೆಂಟಿಮೀಟರಿನ ದೂರದರ್ಶಕಕ್ಕೂ ನಿಲುಕುವಂತಿದ್ದವು. ಆ ದಿನಗಳಲ್ಲಿಯೇ ಚಕ್ರದಿಂದ ಸೆಕೆಂಡಿಗೆ ೩೦೦೦ ಕಿಲೋಮೀಟರಿನವರೆಗಿನ ವೇಗದ ಬಿರುಗಾಳಿಯೂ ಎದ್ದಿತು. ದಶಕಗಳ ಕಾಲ ಕಾದಿದ್ದ ಅನಿಲದಲ್ಲಿ ಬಹು ಭಾಗವು ವಿವರವನ್ನು ಸೇರದೆಯೇ ಹೊರಕ್ಕೆ ಹಾರಿಹೋಯಿತು.