ಕೊಟ್ಟವರು ನಾವು, ಒಡೆಯರು ಅವರು

ಗೂಗಲ್ ಸಂಸ್ಥೆ 1998ರಲ್ಲಿ ಹುಟ್ಟಿದ್ದು ಹುಡುಕಿಕೊಡುವ ಒಂದೇ ಕೆಲಸಕ್ಕಾಗಿ. ಇಂದು ಅದು ನಮಗೆ ದಾರಿಯನ್ನೂ ತೋರುತ್ತದೆ, ನಮ್ಮ ಬೀದಿಯ ಹೆಸರನ್ನೂ ಹೇಳುತ್ತದೆ. ಇದೆಲ್ಲ ಅವರ ಬುದ್ಧಿವಂತಿಕೆಯೊಂದರ ಫಲವೆಂದು ಕೊಂಡಾಡುವವರಿದ್ದಾರೆ. ನಾವು ಇದನ್ನು ಒಪ್ಪಲಾರೆವು.

ನಕ್ಷೆಯ ಕಥೆಯನ್ನೇ ನೋಡೋಣ. 2004ರಲ್ಲಿ ಸಿಡ್ನಿಯ 'ವೇರ್ ಟೂ' ಮತ್ತು ಅಮೆರಿಕದ 'ಕೀಹೋಲ್' ಎಂಬ ಸಣ್ಣ ಕಂಪನಿಗಳನ್ನು ಕೊಂಡು, 2005ರಲ್ಲಿ ಗೂಗಲ್ ಮ್ಯಾಪ್ಸ್ ಹೊರತಂದರು. 2008ರಲ್ಲಿ 'ಮ್ಯಾಪ್ ಮೇಕರ್' ಬಂದಿತು. ನಮ್ಮ ದೇಶದ ಅನೇಕರು ತಮ್ಮೂರಿನ ಓಣಿ, ಶಾಲೆ, ದೇವಸ್ಥಾನಗಳನ್ನು ಬಿಡಿಗಾಸಿನ ಸಂಬಳವಿಲ್ಲದೆ ಅದರಲ್ಲಿ ಗುರುತಿಸಿದರು. ನಕ್ಷೆ ತುಂಬಿತು, 2017ರಲ್ಲಿ ಮ್ಯಾಪ್ ಮೇಕರ್ ಮುಚ್ಚಿತು. ಮರುವರ್ಷ, ಈ ನಕ್ಷೆಯನ್ನು ತಮ್ಮ ಜಾಲತಾಣಗಳಲ್ಲಿ ಬಳಸುವವರಿಗೆ ದಿನಕ್ಕೆ 25,000 ಸಲ ಉಚಿತವಾಗಿದ್ದದ್ದು ತಿಂಗಳಿಗೆ ಸುಮಾರು 28,000ಕ್ಕೆ ಇಳಿಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಸ್ನೇಹಕೂಟದ ಕಥೆಯೂ ಇದೇ. 2004ರ ಆರ್ಕುಟ್‌ನಲ್ಲಿ ಬ್ರೆಜಿಲಿನವರೂ ಭಾರತೀಯರೂ ಕಿಕ್ಕಿರಿದು ಸೇರಿದರು. ಊರು ಬಿಟ್ಟ ಕನ್ನಡಿಗರೂ ಅಲ್ಲಿ ಬಳಗ ಕಟ್ಟಿದರು. 2011ರಲ್ಲಿ ಫೇಸ್‌ಬುಕ್ಕಿಗೆ ಎದುರಾಗಿ ಗೂಗಲ್ ಪ್ಲಸ್ ಹೂಡಿದರು. ಜನ ಒಲಿಯಲಿಲ್ಲ. 2013ರಲ್ಲಿ ಯೂಟ್ಯೂಬಿನಲ್ಲಿ ಅಭಿಪ್ರಾಯ ಬರೆಯಲೂ ಅದರ ಖಾತೆಯನ್ನು ಕಡ್ಡಾಯ ಮಾಡಿದರು. ಕಡೆಗೆ 2014ರಲ್ಲಿ ಆರ್ಕುಟ್, 2019ರಲ್ಲಿ ಪ್ಲಸ್, ಎರಡಕ್ಕೂ ಬೀಗ ಬಿತ್ತು. ತಮ್ಮ ತಮ್ಮ ಸಾಮಾನು ಸಾಗಿಸಿಕೊಳ್ಳಲು ಗಡುವು ಕೊಟ್ಟರು, ನಿಜ. ಆದರೆ ಮುಚ್ಚಲೇ ಎಂದು ಯಾರನ್ನೂ ಕೇಳಲಿಲ್ಲ. ನಮ್ಮ ಸರಕಾರಿ ಕಚೇರಿಗಳಲ್ಲಿ ಧೂಳು ಹಿಡಿದ ಕಡತವೊಂದನ್ನು ನಾಶಪಡಿಸಬೇಕಾದರೂ ಕಾಲಮಿತಿಯ ಪಟ್ಟಿ ನೋಡಬೇಕು, ಅಧಿಕಾರಿಯ ರುಜು ಬೀಳಬೇಕು!

"ಪುಕ್ಕಟೆ ಕೊಟ್ಟವರನ್ನು ಕೇಳುವುದೇನು?" ಎನ್ನುವವರುಂಟು. ಪುಕ್ಕಟೆ ಎಲ್ಲಿ ಬಂತು ಸ್ವಾಮಿ? ನಾವು ಹೋದ ಜಾಗ, ಹುಡುಕಿದ ವಸ್ತು, ಇವೇ ಅವರ ಜಾಹೀರಾತಿನ ಬಂಡವಾಳ. ಹುಡುಕಾಟದ ಫಲಿತಾಂಶದಲ್ಲಿ ಪಕ್ಷಪಾತ ಮಾಡಿದರೆಂದು ಭಾರತೀಯ ಸ್ಪರ್ಧಾ ಆಯೋಗ 2018ರಲ್ಲಿ ಸುಮಾರು 136 ಕೋಟಿ ರೂಪಾಯಿ ದಂಡ ವಿಧಿಸಿದ್ದನ್ನೂ ಮರೆಯಬಾರದು.

ಗೂಗಲನ್ನು ಬಹಿಷ್ಕರಿಸಿ ಎಂದು ನಾವು ಹೇಳುತ್ತಿಲ್ಲ. ದಾರಿ ಕೇಳೋಣ; ದಫ್ತರವನ್ನೇ ಒಪ್ಪಿಸುವುದು ಬೇಡ. ಬೀದಿಯ ಹೆಸರು ಗುರುತಿಸುವ ಉತ್ಸಾಹವಿರುವ ತರುಣರು 2004ರಿಂದ ನಡೆದುಬಂದಿರುವ 'ಓಪನ್ ಸ್ಟ್ರೀಟ್ ಮ್ಯಾಪ್'ಗೆ ದುಡಿಯಲಿ. ಅಲ್ಲಿ ಬೆವರು ಸುರಿಸಿದ್ದು ಎಲ್ಲರ ಸೊತ್ತಾಗಿ ಉಳಿಯುತ್ತದೆ. ಹೊರನಾಡಿನ ಕನ್ನಡ ಸಂಘಗಳು ತಮ್ಮ ಸದಸ್ಯರ ಪಟ್ಟಿ, ನಾಟಕ ರಾಜ್ಯೋತ್ಸವಗಳ ಚಿತ್ರಗಳ ಒಂದೊಂದು ಪ್ರತಿಯನ್ನು ಸ್ವಂತ ಕಪಾಟಿನಲ್ಲಿ ಇಟ್ಟುಕೊಳ್ಳಲಿ. ಪರರ ಜಗಲಿಯಲ್ಲಿ ಹರಟಬಹುದು, ಮನೆಯ ಪತ್ರಗಳನ್ನು ಅಲ್ಲಿಡಬಾರದು.