ಬಾನೆಟ್ ಕೆಳಗಿನ ಕೊಳೆ ಯಾರದು?



ಹೋದ ಭಾನುವಾರ ಮನೆ ಮುಂದೆ ನನ್ನ ಹಳೇ ಆಲ್ಟೋ ಕಾರಿನ ಬಾನೆಟ್ ಎತ್ತಿ ಎಂಜಿನ್ ಕ್ಲೀನ್ ಮಾಡ್ತಾ ಇದ್ದೆ. ಮೊಣಕೈವರೆಗೂ ಗ್ರೀಸು, ಬನಿಯನ್ ತುಂಬಾ ಕರಿ ಕಲೆ. ಆ ಕಡೆ ಬೈಕಲ್ಲಿ ಬಂದ ನಮ್ಮ ಸಂಘಟನೆಯ ಹಿರಿಯರೊಬ್ಬರು ಗಾಡಿ ನಿಲ್ಸಿ, "ಏನಪ್ಪಾ ಇದು? ಊರಿನ ಗಲೀಜು ಬಳಿದಿದ್ದು ಸಾಲದಾ? ಆಫೀಸಲ್ಲಿ ಕುರ್ಚಿ ಸಿಕ್ಕಿದ ಮೇಲೂ ಇದೇನಾ? ವಾಟರ್ ಸರ್ವಿಸ್‌ಗೆ ಬಿಟ್ರೆ ಆಗಲ್ವಾ?" ಅಂದ್ರು.

ಅವರ ಮಾತನ್ನ ಹಗುರವಾಗಿ ತಗೊಳೋಕಾಗಲ್ಲ. ಚಿಕ್ಕ ಹುಡುಗ ಆಗಿದ್ದಾಗ ತಂದೆ ಜೊತೆ ಗೌಡರ ಮನೆ ಸತ್ತ ದನ ಹೊತ್ತವರು ಅವರು. ಕೊಳೆ ಮುಟ್ಟಬಾರದು ಅನ್ನೋದು ಅವರಿಗೆ ಬಿಡುಗಡೆಯ ಮಾತು. ಆದ್ರೂ ನಾನು ಅವರ ಮಾತು ಒಪ್ಪಲಿಲ್ಲ. ಯಾಕೆ ಅಂತ ಇಲ್ಲಿ ಬರೀತಿದ್ದೀನಿ. ಇದರಲ್ಲಿ ನನ್ನ ತಪ್ಪೂ ಇದೆ.

ಎರಡು ವರ್ಷ ನಾನೂ ವಾಟರ್ ಸರ್ವಿಸ್‌ಗೇ ಬಿಡ್ತಾ ಇದ್ದೆ. ಕಳೆದ ಸಲ ಹೋದಾಗ ಒಬ್ಬ ಹುಡುಗ ಬಂದ, ಇಪ್ಪತ್ತು ವರ್ಷ ಇರಬಹುದು. ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಏನೂ ಇಲ್ಲ. ಎಂಜಿನ್ ಇನ್ನೂ ಬಿಸಿ ಇರೋವಾಗಲೇ ಡೀಸೆಲ್ ಸಿಂಪಡಿಸಿ, ಬರಿಗೈಲಿ ಉಜ್ಜೋಕೆ ಶುರು ಮಾಡಿದ. ಬೆರಳ ಸಂದೀಲಿ ಚರ್ಮ ಸುಲಿದು ಕೆಂಪಗಾಗಿತ್ತು. ನನ್ನ ನೋಡಿ ನಕ್ಕು "ಜೈಭೀಮ್ ಅಣ್ಣ" ಅಂದ. ಎ.ಕೆ. ಕಾಲೋನಿ ಹುಡುಗ. ಏಪ್ರಿಲ್ 14ರಂದು ನಾನು ಮೈಕ್ ಹಿಡಿದು ಮಾತಾಡಿದ್ದನ್ನ ಕೇಳಿದ್ದನಂತೆ. ಆಗ ನನ್ನ ಕೈಲಿ ಟೀ ಲೋಟ ಇತ್ತು. ಆ ಟೀ ಕುಡಿಯೋಕಾಗಲಿಲ್ಲ ಕಣ್ರೀ.

ಮಾರನೇ ದಿನ ಕಾರು ಮಿಸ್ಸಿಂಗ್ ಹೊಡೀತು. ಪ್ರೆಶರ್ ನೀರು ಕನೆಕ್ಟರ್ ಒಳಗೆ ಹೋಗಿತ್ತು. ಮಾಲೀಕ ಬೈದಿದ್ದು ಆ ಹುಡುಗನನ್ನೇ. ಅವನಿಗೆ ಗನ್ ಕೈಗೆ ಕೊಟ್ಟೋರು ಎಲ್ಲಿ ಹೊಡೀಬಾರದು ಅಂತ ಯಾವತ್ತಾದ್ರೂ ಹೇಳಿಕೊಟ್ಟಿದ್ರಾ?

ಆವತ್ತಿಂದ ನಾನೇ ಮಾಡ್ತೀನಿ. ಕಷ್ಟ ಏನಿಲ್ಲ, ಒಂದು ಬೆಳಗ್ಗೆ ಸಾಕು. ಎಂಜಿನ್ ಪೂರ್ತಿ ತಣ್ಣಗಿರಬೇಕು. ನಮ್ಮ ತೆಂಗಿನ ಸೀಮೆಯಲ್ಲಿ ಮೊದಲು ಹುಡುಕಬೇಕಾದ್ದು ಇಲಿ ಗೂಡು. ತೋಟದ ಪಕ್ಕ ನಿಲ್ಸಿದ ಕಾರಿಗೆ ಇಲಿ, ಅಳಿಲು ತೆಂಗಿನ ನಾರು ತಂದು ತುಂಬಿರುತ್ತವೆ, ವೈರನ್ನೂ ಕಡಿದಿರುತ್ತವೆ. ಒಣಗಿದ ನಾರು ಸೈಲೆನ್ಸರ್ ಪೈಪಿಗೆ ತಾಗಿದ್ರೆ ಬೆಂಕಿ ಹತ್ತಬಹುದು. ಆ ಗೂಡನ್ನ ಬರಿಗೈಲಿ ಎಳೀಬೇಡಿ. ಇಲಿ ಉಚ್ಚೆ ಗಾಯಕ್ಕೆ ತಾಗಿದ್ರೆ ಇಲಿ ಜ್ವರ ಬರಬಹುದು. ವಾಟರ್ ಸರ್ವಿಸ್ ಹುಡುಗ ಸುಲಿದ ಬೆರಳಲ್ಲೇ ಅದನ್ನ ಎಳೆದು ಹಾಕ್ತಿದ್ದ.

ಆಮೇಲೆ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಗಾಳಿ ಎಳ್ಕೊಳೋ ಪೈಪಿನ ಬಾಯಿ, ಈ ಮೂರಕ್ಕೂ ಪ್ಲಾಸ್ಟಿಕ್ ಕವರ್ ಕಟ್ಟಿ. ಒಣ ಬ್ರಶ್‌ನಲ್ಲೇ ಅರ್ಧ ಧೂಳು ಹೋಗುತ್ತೆ. ಜಿಡ್ಡಿಗೆ ಡಿಗ್ರೀಸರ್ ಅಥವಾ ಶಾಂಪೂ ನೀರು, ಒದ್ದೆ ಬಟ್ಟೆ, ಅಷ್ಟೇ. ಡೀಸೆಲ್ ಬೇಡ್ವೇ ಬೇಡ, ಅದು ರಬ್ಬರ್ ಪೈಪನ್ನೂ ಬೆಲ್ಟನ್ನೂ ಹಾಳು ಮಾಡುತ್ತೆ. ಕೈ ಚರ್ಮಕ್ಕೆ ಏನು ಮಾಡುತ್ತೆ ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಅಡುಗೆ ಸೋಡಾ ಕಲಸಿದ ನೀರು ಹಾಕಿ ಉಜ್ಜಿ, ಒರೆಸಿ, ವ್ಯಾಸಲೀನ್ ಹಚ್ಚಿ. ಪೂರ್ತಿ ಒಣಗಿದ ಮೇಲೆ ಕವರ್ ತೆಗೆದು, ಮೈನಸ್ ಕೊನೆಗೆ ಹಾಕಿ.

ಇನ್ನೊಂದು ವಿಷಯ. ಕೆಳಗೆ ಸೋರೋ ಎಣ್ಣೆ ನೀರನ್ನ ಮೋರಿಗೆ ಬಿಡಬೇಡಿ. ಆ ಮೋರಿ ಬಳಿಯೋರು ಯಾರು ಅಂತ ನಿಮಗೆ ಗೊತ್ತು, ಅವರ ಮನೆ ಯಾವ ಕೇರೀಲಿದೆ ಅಂತಾನೂ ಗೊತ್ತು. ನಾನು ಕೆಳಗೆ ಹಳೇ ಟ್ರೇ ಇಟ್ಟು ನಾರಿನ ಪುಡಿ ಹರಡ್ತೀನಿ, ಜಿಡ್ಡು ಅದಕ್ಕೇ ಹಿಡಿಯುತ್ತೆ. ಅದನ್ನ ಡಬ್ಬಕ್ಕೆ ತುಂಬಿ, ಹಳೇ ಆಯಿಲ್ ಶೇಖರಿಸೋ ಗ್ಯಾರೇಜಿಗೆ ಕೊಡ್ತೀನಿ.

ಹಿರಿಯರಿಗೆ ಇಷ್ಟು ಹೇಳಿದೆ: ಬಸವಲಿಂಗಪ್ಪನವರು ಅರಸು ಸಂಪುಟದಲ್ಲಿ ಮಂತ್ರಿ ಆಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ್ರಲ್ಲ, ಅದು ಒಬ್ಬರ ಹೊಲಸು ಇನ್ನೊಬ್ಬರ ತಲೆ ಮೇಲೆ ಕೂರಬಾರದು ಅಂತ. ನಮ್ಮ ಹೊಲಸು ನಾವು ತೊಳೀಬಾರದು ಅಂತ ಅಲ್ಲ. ಬಾಬಾಸಾಹೇಬರು 1936ರಲ್ಲೇ ಬರೆದ್ರು, ಜಾತಿ ಬರೀ ಕೆಲಸವನ್ನಲ್ಲ, ಕೆಲಸ ಮಾಡೋರನ್ನೇ ಮೇಲೆ ಕೆಳಗೆ ಅಂತ ವಿಂಗಡಿಸುತ್ತೆ ಅಂತ. ನಾವು ಒಂದು ಮೆಟ್ಟಿಲು ಹತ್ತಿ ನಮ್ಮದನ್ನ ಕೆಳಗಿನ ಮೆಟ್ಟಿಲಿನ ಹುಡುಗನಿಗೆ ದಾಟಿಸಿದ್ರೆ ಏನು ಬದಲಾಯ್ತು? ಮಲ ಹೊರೋ ಪದ್ಧತಿ ವಿರುದ್ಧದ 2013ರ ಕಾಯ್ದೆ ಸೆಪ್ಟಿಕ್ ಟ್ಯಾಂಕಿನ ಬಗ್ಗೆ ಹೇಳುತ್ತೆ, ಕಾರು ತೊಳೆಯೋನ ಬಗ್ಗೆ ಅಲ್ಲ. ಹಾಗಂತ ಅವನ ಕೈ ಸುಡೋದು ನಿಲ್ಲುತ್ತಾ?

"ಎಲ್ಲರೂ ನಿನ್ನ ಹಾಗೆ ಮನೇಲೇ ತೊಳೆದ್ರೆ ಆ ಹುಡುಗನ ಹೊಟ್ಟೆ?" ಅಂತ ಕೇಳಿದ್ರು. ನ್ಯಾಯವಾದ ಪ್ರಶ್ನೆ. ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅವನಿಗೆ ಕೆಲಸ ಹೋಗೋದು ಬೇಡ. ಗ್ಲೌಸು, ಬೂಟು, ಎಂಜಿನ್ ಆರೋವರೆಗೂ ಕಾಯೋಕೆ ಟೈಮು, ಇಷ್ಟು ಸಿಗಲಿ. ಮಾಲೀಕರ ಹತ್ರ ಹೋಗಿ ಮಾತಾಡೋಣ ಅಂತ ಇದ್ದೆ. ಮೊನ್ನೆ ಸಂಜೆ ಹುಡುಗನನ್ನೇ ಕೇಳಿದೆ. "ಬೇಡ ಅಣ್ಣ, ನಾನೇ ಹೇಳಿಕೊಟ್ಟೆ ಅಂತ ತೆಗೆದುಹಾಕ್ತಾರೆ" ಅಂದ.

ಹಾಗಾಗಿ ಅವನ ಹೆಸರು, ಅಂಗಡಿ ಹೆಸರು ಇಲ್ಲಿ ಬರೆದಿಲ್ಲ. ಒಂದೇ ಕಡೆ ಹೋಗೋ ಬದಲು ತುರುವೇಕೆರೆಯ ಎಲ್ಲಾ ವಾಟರ್ ಸರ್ವಿಸ್‌ಗೂ ಒಂದೇ ಮನವಿ ಪತ್ರ ಕೊಟ್ರೆ ಯಾರ ಮೇಲೂ ಅನುಮಾನ ಬರಲ್ಲ. ಪತ್ರ ನಾನು ಬರೀತೀನಿ, ಗುಮಾಸ್ತನಿಗೆ ಅದೊಂದು ಬರುತ್ತೆ. ಜೊತೆ ಬರೋರು ಇನ್‌ಬಾಕ್ಸಿಗೆ ಹೇಳಿ. ಹಿರಿಯರು ಬರ್ತೀನಿ ಅಂದಿದ್ದಾರೆ, ಕಾರು ತೊಳೆಯೋ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ.